ರಕ್ತ ಕ್ಯಾನ್ಸರಿಗೆ ಒಲಿದ ಕಾರ್-ಟಿ ಗಡ್ಡೆಗೇಕೆ ಒಲಿಯುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನನ್ನ ಅಕ್ಕನಿಗೆ ಜಠರದ ಕ್ಯಾನ್ಸರ್. ಈಗ ಯಕೃತ್ತಿಗೂ ಹರಡಿದೆ, ಕೀಮೋ ನಡೆಯುತ್ತಿದೆ. ರೋಗಿಯ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನೇ ಹೊರತೆಗೆದು, ವಂಶವಾಹಿ ಮಾರ್ಪಡಿಸಿ ಮರಳಿ ದೇಹಕ್ಕೆ ಸೇರಿಸುವ ಕಾರ್-ಟಿ ಚಿಕಿತ್ಸೆಯಿಂದ ರಕ್ತ ಕ್ಯಾನ್ಸರ್ ಗುಣವಾಗಿದೆ ಎಂದು ಓದಿದೆ. ಅಕ್ಕನಿಗೆ ಅದನ್ನು ಏಕೆ ಕೊಡುತ್ತಿಲ್ಲ?

ಉತ್ತರ (ಕ್ಯಾನ್ಸರ್ ತಜ್ಞೆ): ನಮಸ್ಕಾರ. 2017ರಲ್ಲಿ ಅಮೆರಿಕದಲ್ಲಿ ಮೊದಲ ಅನುಮತಿ ಪಡೆದ ಕಾರ್-ಟಿ ಗುರಿಯಿಟ್ಟಿದ್ದು ರಕ್ತ ಕ್ಯಾನ್ಸರ್ ಕೋಶಗಳ ಮೇಲಿರುವ ಸಿಡಿ19 ಎಂಬ ಪ್ರೋಟೀನಿಗೆ. ಅದು ಪ್ರತಿಕಾಯ ತಯಾರಿಸುವ ಆರೋಗ್ಯವಂತ ಬಿ ಕೋಶಗಳ ಮೇಲೂ ಇರುವುದರಿಂದ ಅವೂ ನಾಶವಾಗುತ್ತವೆ. ಆದರೆ ಬಿ ಕೋಶಗಳಿಲ್ಲದೆ ಮನುಷ್ಯ ಬದುಕಬಲ್ಲ. ಬೇಕಾದ ಪ್ರತಿಕಾಯಗಳನ್ನು ಹೊರಗಿನಿಂದ ಕೊಡಬಹುದು. ಶ್ವಾಸಕೋಶವಿಲ್ಲದೆ ಬದುಕಲಾಗದು. ಇಡೀ ತೊಡಕು ಇರುವುದು ಇಲ್ಲಿಯೇ. ಕೆಲವು ಗಡ್ಡೆಗಳ ಕೋಶಗಳ ಮೇಲೆ ಹೆಚ್ಚಾಗಿರುವ ಹರ್2 ಎಂಬ ಪ್ರೋಟೀನಿಗೆ ಗುರಿಯಿಟ್ಟ ಕಾರ್-ಟಿ ಪಡೆದ ರೋಗಿಯೊಬ್ಬರು ತೀರಿಕೊಂಡ ವರದಿ 2010ರಲ್ಲಿ ಬಂತು. ಶ್ವಾಸಕೋಶದ ಕೋಶಗಳ ಮೇಲಿದ್ದ ಅತ್ಯಲ್ಪ ಹರ್2 ಅನ್ನೇ ಆ ಟಿ ಕೋಶಗಳು ಗುರುತಿಸಿದ್ದವೆಂದು ವೈದ್ಯರು ಭಾವಿಸಿದರು. ಆ ವರದಿಯನ್ನು ನಾನು ಮರೆತಿಲ್ಲ.

ಜಠರದ ಕ್ಯಾನ್ಸರಿನಲ್ಲಿ ಸಿಕ್ಕಿರುವ ಗುರಿ ಕ್ಲಾಡಿನ್ 18.2 ಎಂಬ ಪ್ರೋಟೀನು. ಆರೋಗ್ಯವಂತ ಜಠರದಲ್ಲಿ ಇದು ಕೋಶಗಳ ಬಿಗಿ ಸಂದುಗಳಲ್ಲಿ ಅಡಗಿರುತ್ತದೆ. ಕ್ಯಾನ್ಸರ್ ಕೋಶಗಳ ಅಚ್ಚುಕಟ್ಟು ಕೆಟ್ಟಾಗ ಹೊರಗೆ ಕಾಣಿಸಿಕೊಳ್ಳುತ್ತದೆ. ಚೀನಾದಲ್ಲಿ 156 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ರೋಗ ಉಲ್ಬಣಿಸದೆ ಉಳಿದ ಮಧ್ಯಕ ಅವಧಿ ಕಾರ್-ಟಿ ಗುಂಪಿನಲ್ಲಿ 3.25 ತಿಂಗಳು, ಬೇರೆ ಔಷಧ ಪಡೆದವರಲ್ಲಿ 1.77 ತಿಂಗಳು. ಹಲವು ಚಿಕಿತ್ಸೆಗಳು ಸೋತ ಮೇಲೆ ಬಂದವರಿವರು. ಲಾಭ ನಿಜ, ಆದರೆ ಇದನ್ನು ಗುಣಪಡಿಸುವ ಚಿಕಿತ್ಸೆ ಎನ್ನಲಾರೆ.

ಪ್ರಶ್ನೆ: ಟಿ ಕೋಶಗಳು ರಕ್ತದಲ್ಲಿ ಸಂಚರಿಸುತ್ತವಲ್ಲ, ಹರಡಿದ ಕಡೆಗೆಲ್ಲ ತಾವೇ ತಲುಪುವುದಿಲ್ಲವೇ?

ಉತ್ತರ: ತಲುಪುವುದು ಬೇರೆ, ಒಳಹೊಕ್ಕು ಹೋರಾಡುವುದು ಬೇರೆ. ಗಡ್ಡೆಯ ಸುತ್ತಲ ನಾರಿನಂಥ ಅಂಗಾಂಶ ದಾರಿ ಕಟ್ಟುತ್ತದೆ. ಒಳಗೆ ಆಮ್ಲಜನಕ ಕಡಿಮೆ, ಟಿ ಕೋಶಗಳನ್ನು ಅಡಗಿಸುವ ಸಂಕೇತಗಳು ಹೆಚ್ಚು. ಅವು ಬೇಗ ಬಳಲುತ್ತವೆ. ಜೊತೆಗೆ ಜಠರದ ಗಡ್ಡೆಯಲ್ಲಿ ಇರುವ ಗುರಿ ಯಕೃತ್ತಿನ ಗಡ್ಡೆಯಲ್ಲಿ ಇರಲೇಬೇಕೆಂದಿಲ್ಲ. ಗುರಿಯಿಲ್ಲದ ಕೋಶಗಳು ಉಳಿದು ಮತ್ತೆ ಬೆಳೆಯುತ್ತವೆ.

ಪ್ರಶ್ನೆ: ಹಾಗಾದರೆ ನಾವೀಗ ಏನು ಕೇಳಬೇಕು?

ಉತ್ತರ: ಬಯಾಪ್ಸಿ ತುಣುಕಿನಲ್ಲಿ ಹರ್2 ಮತ್ತು ಕ್ಲಾಡಿನ್ 18.2 ಪರೀಕ್ಷೆ ಆಗಿದೆಯೇ ಎಂದು ನಾಳೆಯೇ ಕೇಳಿ. ಕ್ಲಾಡಿನ್‌ಗೆ ಅಂಟುವ ಜೋಲ್ಬೆಟುಕ್ಸಿಮ್ಯಾಬ್ ಎಂಬ ಪ್ರತಿಕಾಯ ಔಷಧವನ್ನು ಕೀಮೋ ಜೊತೆಗೇ ಕೊಡುತ್ತಾರೆ, ಅದಕ್ಕೂ ಈ ಫಲಿತಾಂಶ ಬೇಕು. ಕಾರ್-ಟಿ ಪ್ರಯೋಗಕ್ಕೆ ಸೇರಬಹುದೇ ಎಂದೂ ವಿಚಾರಿಸಿ. ಆದರೆ ಆ ನಿರೀಕ್ಷೆಯಲ್ಲಿ ಕೀಮೋ ನಿಲ್ಲಿಸಬೇಡಿ, ದಯವಿಟ್ಟು. ಟಿ ಕೋಶಗಳನ್ನು ತಯಾರಿಸಲು ವಾರಗಳು ಬೇಕು. ಅಷ್ಟು ದಿನ ರೋಗ ಹತೋಟಿಯಲ್ಲಿರಬೇಕು.