ಐದು ಜನರ ಮನೆಗೆ ದಿನಕ್ಕೆ 900 ಲೀಟರ್ ನೀರು: ಎಲ್ಲಿ ಹೋಗುತ್ತಿದೆ, ಹೇಗೆ ಉಳಿಸುವುದು?

ಪ್ರಶ್ನೆ (ಬಾಡಿಗೆ ಮನೆಯವರು, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾವು ಮೂರು ಮನೆಗಳಿರುವ ಕಟ್ಟಡದ ಮೊದಲ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಅತ್ತೆ, ಮಾವ, ಮಗಳು ಸೇರಿ ಮನೆಯಲ್ಲಿ ಐದು ಜನ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದ ಮೇಲೆ ಮಾಲೀಕರು ಪ್ರತಿ ಮನೆಗೂ ಪ್ರತ್ಯೇಕ ಮೀಟರ್ ಹಾಕಿಸಿ, ಟ್ಯಾಂಕರ್ ನೀರಿನ ಖರ್ಚನ್ನು ಅದರ ಪ್ರಕಾರ ಹಂಚುತ್ತಿದ್ದಾರೆ. ನಮ್ಮ ಮೀಟರ್ ದಿನಕ್ಕೆ ಸುಮಾರು 900 ಲೀಟರ್ ತೋರಿಸುತ್ತಿದೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುತ್ತೇವೆ, ಎಲ್ಲರೂ ಬಕೆಟ್ಟಿನಲ್ಲೇ ಸ್ನಾನ ಮಾಡುತ್ತೇವೆ, ಗಾಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಇಷ್ಟಾದರೂ ಲೆಕ್ಕ ಇಳಿಯುತ್ತಿಲ್ಲ. ಬಾಡಿಗೆ ಮನೆಯಾದ್ದರಿಂದ ಗೋಡೆ ಒಡೆದು ಪೈಪ್ ಬದಲಿಸುವಂತಿಲ್ಲ. ಕಡಿಮೆ ಖರ್ಚಿನಲ್ಲಿ ನಾವೇ ಮಾಡಿಕೊಳ್ಳಬಹುದಾದದ್ದು ಏನಿದೆ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ನಿವೃತ್ತ ಎಂಜಿನಿಯರ್, ಮೈಸೂರು)

ನಗರದ ನೀರು ಸರಬರಾಜಿನ ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ ಐದು ಜನರಿಗೆ 675 ಲೀಟರ್ ಆಗುತ್ತದೆ. ನೀವು ಹೇಳುವ ಶಿಸ್ತಿನ ಮನೆಗೆ ಅಷ್ಟೂ ಬೇಕಾಗಬಾರದು. ಹಾಗಾಗಿ ಇದು ನಿಮ್ಮ ಅಭ್ಯಾಸದ ತಪ್ಪು ಎಂದು ನನಗೆ ತೋರುವುದಿಲ್ಲ. ಎಲ್ಲೋ ನೀರು ಸೋರುತ್ತಿದೆ.

ಮನೆಯವರಿಗೆಲ್ಲ ಇನ್ನಷ್ಟು ಕಟ್ಟುನಿಟ್ಟು ಮಾಡುವ ಮೊದಲು ಒಂದು ರಾತ್ರಿ ಈ ಪರೀಕ್ಷೆ ಮಾಡಿ. ಮಲಗುವ ಮುನ್ನ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಮೀಟರಿನ ಅಂಕಿಯನ್ನು ಕೊನೆಯ ಕೆಂಪು ಅಂಕಿಯ ಸಮೇತ ಬರೆದಿಟ್ಟುಕೊಳ್ಳಿ. ರಾತ್ರಿ ಯಾರಾದರೂ ಶೌಚಕ್ಕೆ ಎದ್ದರೆ ಫ್ಲಶ್ ಒತ್ತದೆ, ಮೊದಲೇ ತುಂಬಿಟ್ಟ ಬಕೆಟ್ಟಿನ ನೀರು ಹಾಕಲಿ. ಬೆಳಿಗ್ಗೆ ಮೊದಲ ನಲ್ಲಿ ತಿರುಗಿಸುವ ಮುನ್ನ ಮತ್ತೆ ನೋಡಿ. ಅಂಕಿ ಬದಲಾಗಿದ್ದರೆ, ಯಾರೂ ಬಳಸದ ನೀರು ಅಷ್ಟು ಹರಿದಿದೆ ಎಂದೇ ಅರ್ಥ.

ಸೋರಿಕೆಯಲ್ಲಿ ಕಣ್ಣಿಗೆ ಕಾಣುವುದು ನಲ್ಲಿಯ ಹನಿ. ನಮ್ಮ ಹಿತ್ತಲ ನಲ್ಲಿ ಸೆಕೆಂಡಿಗೊಂದರಂತೆ ಹನಿಯುತ್ತಿದ್ದಾಗ ರಾತ್ರಿ ಹತ್ತಕ್ಕೆ ಬಕೆಟ್ ಇಟ್ಟು ಬೆಳಿಗ್ಗೆ ಆರಕ್ಕೆ ಅಳೆದೆ; ಏಳು ಲೀಟರ್ ಇತ್ತು, ಅಂದರೆ ದಿನಕ್ಕೆ ಇಪ್ಪತ್ತು ಲೀಟರಿಗೂ ಮೇಲೆ. ಆದರೆ ಅದಕ್ಕಿಂತ ದೊಡ್ಡ ಕಳ್ಳ ಶೌಚಾಲಯದ ಫ್ಲಶ್ ಟ್ಯಾಂಕಿನಲ್ಲಿರುತ್ತದೆ. ಅದರ ತಳದ ರಬ್ಬರ್ ವಾಷರ್ ಸವೆದರೆ ಕಮೋಡಿನ ಬೇಸಿನ್ನಿನ ಒಳಗೋಡೆಗೆ ಅಂಟಿಕೊಂಡು ನೀರು ಸದ್ದಿಲ್ಲದೆ ಇಳಿಯುತ್ತಲೇ ಇರುತ್ತದೆ, ಟ್ಯಾಂಕ್ ತುಂಬಿಕೊಳ್ಳುತ್ತಲೇ ಇರುತ್ತದೆ. ಬಿಳಿಯ ಪಿಂಗಾಣಿಯ ಮೇಲೆ ತೆಳುವಾಗಿ ಹರಿಯುವ ನೀರು ಕಾಣಿಸುವುದೇ ಇಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಹತ್ತು ಹನಿ ಟ್ಯಾಂಕಿಗೆ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಬೇಸಿನ್ನಿನಲ್ಲಿ ನೀಲಿ ಬಣ್ಣ ಇಳಿದಿದ್ದರೆ ವಾಷರ್ ಹೋಗಿದೆ ಎಂದು ತಿಳಿಯಿರಿ. ಅದು ಹೆಚ್ಚು ಬೆಲೆಯ ಸಾಮಾನಲ್ಲ, ಹಾರ್ಡ್‌ವೇರ್ ಅಂಗಡಿಗೆ ಹಳೆಯದನ್ನೇ ಒಯ್ದು ಅದೇ ಅಳತೆಯದನ್ನು ತನ್ನಿ.

ಟ್ಯಾಂಕ್ ಹಳೆಯ ಹತ್ತು ಲೀಟರಿನದಾದರೆ, ನೀರು ತುಂಬಿ ಮುಚ್ಚಳ ಬಿಗಿದ ಒಂದು ಲೀಟರ್ ಬಾಟಲಿಯನ್ನು ಒಳಗೆ ನಿಲ್ಲಿಸಿದರೆ ಪ್ರತಿ ಸಲ ಒಂದು ಲೀಟರ್ ಉಳಿಯುತ್ತದೆ. ಕೆಲವರು ಇಟ್ಟಿಗೆ ಇಡುತ್ತಾರೆ, ಅದು ಬೇಡ. ಇಟ್ಟಿಗೆ ಕರಗಿ ಅದರ ಪುಡಿ ವಾಷರಿನ ಕೆಳಗೆ ಸೇರಿದರೆ ಸೋರಿಕೆಗೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಉತ್ತರ 2 (ಗೃಹಿಣಿ, ಬೆಂಗಳೂರು)

ಮೇಲಿನವರು ಹೇಳಿದ್ದನ್ನು ಮೊದಲು ಮಾಡಿ, ಆಮೇಲೆ ಅಡುಗೆಮನೆಗೆ ಬನ್ನಿ. ಸಿಂಕಿನ ನಲ್ಲಿಯನ್ನು ಪೂರ್ತಿ ತಿರುಗಿಸಿ ಒಂದು ಲೀಟರ್ ಬಾಟಲಿ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ನೋಡಿ. ನಮ್ಮಲ್ಲಿ ಐದು ಸೆಕೆಂಡಿಗೆ ತುಂಬುತ್ತಿತ್ತು, ಅಂದರೆ ನಿಮಿಷಕ್ಕೆ 12 ಲೀಟರ್. ನಲ್ಲಿಯ ಬಾಯಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಪುಟ್ಟ ಜಾಲರಿ) ಹಾಕಿದ ಮೇಲೆ ಹದಿನೈದು ಸೆಕೆಂಡು ಬೇಕಾಗುತ್ತಿದೆ, ಪಾತ್ರೆ ಮಾತ್ರ ಮೊದಲಿನಷ್ಟೇ ಚೊಕ್ಕವಾಗುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟ್‌ಗಳಿಗೂ ವಾಣಿಜ್ಯ ಕಟ್ಟಡಗಳಿಗೂ ಕಡ್ಡಾಯ ಮಾಡಿದ್ದು ಇದನ್ನೇ. ತಿರುಗಿಸಿ ಕೂಡಿಸುವ ಸಾಮಾನಾದ್ದರಿಂದ ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಬಕೆಟ್ ತುಂಬಿಸುವ ನಲ್ಲಿಗೆ ಮಾತ್ರ ಹಾಕಬೇಡಿ, ಅಲ್ಲಿ ಬೇಕಾದ ನೀರು ಒಂದೇ ಬಕೆಟ್, ಕಾಯುವ ಹೊತ್ತಷ್ಟೇ ಹೆಚ್ಚಾಗುತ್ತದೆ.

ನಿಮ್ಮಲ್ಲಿ ಸೋಲಾರ್ ಬಿಸಿನೀರು ಇದೆಯೇ? ಇದ್ದರೆ ಬೆಳಿಗ್ಗೆ ಬಿಸಿ ಬರುವವರೆಗೆ ಹರಿಯಬಿಡುವ ತಣ್ಣೀರನ್ನು ದಯವಿಟ್ಟು ಹಿಡಿದಿಡಿ. ಮುಕ್ಕಾಲು ಇಂಚಿನ ಪೈಪಿನಲ್ಲಿ ಒಂದು ಮೀಟರ್ ಉದ್ದಕ್ಕೆ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. ತಾರಸಿಯಿಂದ ಮೊದಲ ಮಹಡಿಯವರೆಗೆ ಸುತ್ತಿಬಳಸಿ ಬರುವ ಪೈಪು ಇಪ್ಪತ್ತೈದು ಮೀಟರ್ ಇದ್ದರೆ ಆರು ಲೀಟರಿಗೂ ಹೆಚ್ಚು. ಒಬ್ಬರ ಸ್ನಾನಕ್ಕೂ ಇನ್ನೊಬ್ಬರದಕ್ಕೂ ಗಂಟೆಯ ಅಂತರವಾದರೆ ಪೈಪು ಆರಿ, ಮತ್ತೆ ಅಷ್ಟೇ ನೀರು ಹೋಗುತ್ತದೆ. ನಾವು ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸುತ್ತೇವೆ, ಮೊದಲ ತಣ್ಣೀರು ಬಟ್ಟೆ ನೆನೆಸುವುದಕ್ಕೆ ಹೋಗುತ್ತದೆ.

ಆರ್‌ಓ ಯಂತ್ರವನ್ನೂ ಮರೆಯಬೇಡಿ. ಕುಡಿಯುವ ಒಂದು ಲೀಟರಿಗೆ ಎರಡು ಮೂರು ಲೀಟರ್ ನೀರನ್ನು ಅದು ಹೊರಹಾಕುತ್ತದೆ. ಆ ಕೊಳವೆಯನ್ನು ಕ್ಯಾನಿಗೆ ಬಿಟ್ಟು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ಉಪ್ಪಿನಂಶ ಹೆಚ್ಚಿರುವುದರಿಂದ ತುಳಸಿ ಕುಂಡಕ್ಕೆ ದಿನವೂ ಹಾಕುವುದು ಒಳ್ಳೆಯದಲ್ಲ. ಗಿಡಗಳಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೇ ಸಾಕು.

ಉತ್ತರ 3 (ಉತ್ತರ ಕರ್ನಾಟಕದ ಓದುಗರು)

ನಮ್ಮ ಬಡಾವಣೆಗೆ ಎಂಟು ಹತ್ತು ದಿನಕ್ಕೊಮ್ಮೆ ನೀರು ಬರುತ್ತದೆ. ಅದು ಬಂದ ದಿನ ಓಣಿಯ ತುಂಬ ಹಳೆಯ ನೀರು ಚೆಲ್ಲುವ ಸದ್ದು ಕೇಳಿ ನನಗೆ ಸಂಕಟವಾಗುತ್ತದೆ. ಹೊಸ ನೀರು ಬಂತೆಂದು ಹಂಡೆ, ಕೊಡ, ಬ್ಯಾರಲ್ಲುಗಳಲ್ಲಿ ಉಳಿದದ್ದನ್ನೆಲ್ಲ ಗಟಾರಕ್ಕೆ ಸುರಿಯುತ್ತಾರೆ. ಮುಚ್ಚಿಟ್ಟ ನೀರು ಹಳೆಯದಾಯಿತೆಂದ ಮಾತ್ರಕ್ಕೆ ಬಟ್ಟೆಗೂ ಪಾತ್ರೆಗೂ ಕೆಡುವುದಿಲ್ಲ. ಬೆಂಗಳೂರಿನವರೂ ನೆಲದಡಿಯ ಸಂಪ್ ತೊಟ್ಟಿಗೆ ನೀರು ಬರುವ ದಿನ ಹೀಗೆ ಮಾಡುತ್ತಿದ್ದರೆ ನಿಲ್ಲಿಸಬೇಕು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಮೂರು ಹಂತದಲ್ಲಿ ಪಂಪ್ ಮಾಡಿ ನಿಮ್ಮೂರಿಗೆ ಕಾವೇರಿಯನ್ನು ತರುತ್ತಾರೆ.

ಮಳೆಗಾಲಕ್ಕೆ ಮಾಲೀಕರ ಒಪ್ಪಿಗೆ ಪಡೆದು ತಾರಸಿಯ ಇಳಿಕೊಳವೆಯ ಕೆಳಗೆ 200 ಲೀಟರಿನ ಒಂದು ಡ್ರಮ್ ಇಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ತಾರಸಿಯಾದರೆ ಒಂದು ಸಾಧಾರಣ ಮಳೆಗೇ ಡ್ರಮ್ ತುಂಬಿ ಹರಿಯುತ್ತದೆ. ಧೂಳು ಹೊತ್ತ ಮೊದಲ ಮಳೆಯನ್ನು ಹೊರಗೆ ಬಿಡಿ, ಸೊಳ್ಳೆ ಮೊಟ್ಟೆಯಿಡದಂತೆ ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿಯಿರಿ.

ಪ್ರಶ್ನೆ ಕೇಳಿದವರ ಮರುಮಾತು, ಹತ್ತು ದಿನಗಳ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಮೀಟರ್ 70 ಲೀಟರ್ ಓಡಿತ್ತು. ನೀಲಿ ಹಾಕಿದ ಕಾಲು ಗಂಟೆಯಲ್ಲೇ ಅತ್ತೆ, ಮಾವ ಬಳಸುವ ಶೌಚಾಲಯದ ಬೇಸಿನ್ನಿನಲ್ಲಿ ಬೆರಳಗಲದ ನೀಲಿ ಗೆರೆ ಇಳಿದಿತ್ತು. ಮಾವನವರು ಅದನ್ನು ನೋಡಿ, ಆ ದಿನವೇ ತಾವೇ ಅಂಗಡಿಗೆ ಹೋಗಿ ವಾಷರ್ ತಂದು ಹಾಕಿದರು. ಏರೇಟರ್ ಹಾಕಿ, ಸೋಲಾರಿನ ತಣ್ಣೀರು ಹಿಡಿಯುವುದಕ್ಕೂ ಶುರುಮಾಡಿದ್ದೇವೆ. ಈ ವಾರದ ಸರಾಸರಿ ದಿನಕ್ಕೆ 560 ಲೀಟರಿಗೆ ಬಂದಿದೆ. ಮೀಟರಿನ ಅಂಕಿ ಬರೆದ ಹಾಳೆಯನ್ನು ಮಾಲೀಕರಿಗೆ ತೋರಿಸಿದೆವು. ಬರುವ ಭಾನುವಾರ ಉಳಿದೆರಡು ಮನೆಗಳ ಫ್ಲಶ್ ಟ್ಯಾಂಕಿಗೂ ನೀಲಿ ಹಾಕಿ ನೋಡೋಣ ಎಂದಿದ್ದಾರೆ, ಡ್ರಮ್ ಇಡುವ ಜಾಗವನ್ನೂ ಅಂದೇ ಗುರುತಿಸುತ್ತೇವೆ.