ಅಪ್‌ಡೇಟ್: ಗೊರಸಿನ ದುರ್ವಾಸನೆ ಹೋಯಿತು

ಗಂಗಾವತಿ ಬಳಿಯ ನಮ್ಮ ಲಾಯದಲ್ಲಿ ಹೆಣ್ಣುಕುದುರೆಯ ಹಿಂಗಾಲಿನ ಗೊರಸು ಕೊಳೆತ ವಾಸನೆ ಬರುತ್ತಿದೆ, ಏನು ಮಾಡಲಿ ಎಂದು ಹೋದ ತಿಂಗಳು ಕೇಳಿದ್ದೆ. ಔಷಧಿಗಿಂತ ಮೊದಲು ನೆಲ ನೋಡಿ ಎಂದವರ ಮಾತೇ ನಿಜವಾಯಿತು. ಪಶುವೈದ್ಯರೂ ಅದನ್ನೇ ಹೇಳಿದರು: ಲದ್ದಿ, ಮೂತ್ರದಲ್ಲಿ ನೆನೆದ ಹುಲ್ಲಿನ ಮೇಲೆ ಸದಾ ನಿಂತರೆ ಗೊರಸಿನಡಿಯ ಮೆತ್ತನೆಯ ಭಾಗ ಕೊಳೆಯುತ್ತದೆ. ಭತ್ತದ ನಾಡು ನಮ್ಮದು. ಹುಲ್ಲಿಗೇನು ಬರವೆಂದು ಹಳೆಯದರ ಮೇಲೆಯೇ ಹೊಸದನ್ನು ಹಾಸುತ್ತಾ ಹೋದದ್ದು ನನ್ನ ಸೋಮಾರಿತನ. ಈಗ ಬೆಳಿಗ್ಗೆ 5 ಗಂಟೆಗೇ ಎಲ್ಲವನ್ನೂ ಗುಡಿಸಿ ತಿಪ್ಪೆಗೆ ಹಾಕುತ್ತೇನೆ. ನೆಲ ಒಣಗಿದ ಮೇಲೆಯೇ ಹೊಸ ಹಾಸು. ದಿನಕ್ಕೆರಡು ಸಲ ಗೊರಸು ಕೆರೆದು ಒರೆಸುತ್ತೇನೆ. ಮೊದಲ ವಾರ ಒದೆಯೂ ಸಿಕ್ಕಿತು. ಈಗ ಹುರುಳಿಯ ಬುಟ್ಟಿ ಕಂಡರೆ ತಾನೇ ಕಾಲೆತ್ತುತ್ತಾಳೆ! ಲಾಳ ಹೊಡೆಯುವವರು ಭಾನುವಾರ ಗೊರಸು ಸವರಿ, ಇನ್ನು 6 ವಾರಕ್ಕೆ ಬರುತ್ತೇನೆ ಎಂದಿದ್ದಾರೆ.