ಓದುಗರ ಸ್ಪಂದನ: ‘ನೋಡದ ಬಿಲ್‌ಗೂ ಟಿಕ್ ಹಾಕು ಅಂತಾರೆ’

ಆಡಿಟ್ ಸೀಸನ್‌ನಲ್ಲಿ ಮಧ್ಯರಾತ್ರಿ ದಾಟಿದ್ರೂ ಕೆಲಸ ಮುಗಿಯಲ್ಲ, ಟೈಮ್‌ಶೀಟ್‌ನಲ್ಲಿ ಪೂರ್ತಿ ಅವರ್ಸ್ ಬರೆಯೋಕೆ ಬಿಡಲ್ಲ, ಬ್ಯಾಂಕ್ ಕನ್ಫರ್ಮೇಶನ್ನೂ (ಖಾತೇಲಿ ಎಷ್ಟು ದುಡ್ಡಿದೆ ಅಂತ ಬ್ಯಾಂಕ್ ಕೊಡೋ ಪತ್ರ) ಕ್ಲೈಂಟ್ ಕೈಯಲ್ಲೇ ತರಿಸ್ಕೋ ಅಂತಾರೆ, ಏನ್ ಮಾಡ್ಲಿ ಅಂತ ಓದುಗಿಯೊಬ್ರು ಕೇಳಿದ್ರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನಿಮ್ಮ ಪತ್ರ ಓದಿ ನಿದ್ದೆ ಬರ್ಲಿಲ್ಲ ತಂಗಿ. ಆ ಫೀಲ್ಡ್ ಬಿಟ್ಟು ವರ್ಷಗಳೇ ಆಯ್ತು, ಟೈಮ್‌ಶೀಟ್ ಅಂದ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ನನಗಿಂತ ಮುಂಚೆ ಆ ಕ್ಲೈಂಟ್ ನೋಡ್ತಿದ್ದವ್ರು ಮ್ಯಾನೇಜರ್‌ಗೆ ಹೆದರಿ ಅರ್ಧಕ್ಕರ್ಧ ಅವರ್ಸ್ ಬರೆದೇ ಇರ್ಲಿಲ್ಲ, ಆ ಸುಳ್ಳು ಲೆಕ್ಕ ಇಟ್ಕೊಂಡೇ ನಮಗೆ ಬಜೆಟ್ ಕೊಟ್ರು, ನಾನು ಇದ್ದದ್ದು ಇದ್ದಂಗೆ ಬರೆದಿದ್ದಕ್ಕೆ ‘ಹೋದ ವರ್ಷ ಆಗಿದ್ದು ನಿಂಗ್ಯಾಕೆ ಆಗಲ್ಲ’ ಅಂತ ಎಲ್ಲರ ಮುಂದೆ ಬೈದ್ರು. ಅವತ್ತು ರಾತ್ರಿ ಸೇಲ್ಸ್ ಸ್ಯಾಂಪಲ್‌ನಲ್ಲಿ, ಅಂದ್ರೆ ಪರೀಕ್ಷೆಗೆ ಆರಿಸ್ಕೊಂಡ ಮಾರಾಟದ ಬಿಲ್‌ಗಳಲ್ಲಿ, ಒಂದು ಬಿಲ್ ಸಿಕ್ತು. ನಂಬರ್ ಸರಿ, ಮೊತ್ತ ಸರಿ, ಹಿಂದೆ ಲಗತ್ತಿಸಿದ್ದ ಡೆಲಿವರಿ ಚಲನ್ ತಾರೀಖು ಮಾತ್ರ ವರ್ಷ ಮುಗಿದ ಮೇಲಿಂದು, ಅಂದ್ರೆ ಮುಂದಿನ ವರ್ಷದ ಮಾರಾಟಾನ ಈ ವರ್ಷಕ್ಕೆ ಎಳ್ಕೊಂಡಿದ್ರು. ಎರಡನೇ ಪುಟ ತಿರುಗಿಸಿದ್ರೆ ಗೊತ್ತಾಗುತ್ತೆ ಅಷ್ಟೇ, ಕಣ್ಣು ಎಳೀತಿರೋವಾಗ ಯಾರು ತಿರುಗಿಸ್ತಾರೆ? ಸ್ಯಾಂಪಲ್ ಜಾಸ್ತಿ ಮಾಡೋಣ ಅಂದೆ, ಟೈಮಿಲ್ಲ ಅಂದ್ರು. ಆ ಸೀಸನ್ ಮುಗಿಸಿ ಕೆಲಸ ಬಿಟ್ಟೆ. ನೀವು ಬಿಡಿ ಅನ್ನಲ್ಲ, ಅವರ್ಸ್ ಮಾತ್ರ ಪೂರ್ತಿ ಬರೀರಿ, ಮುಂದೆ ಬರೋರು ಅನುಭವಿಸೋ ಹಾಗಾಗ್ಬಾರ್ದು.
– ಮಾಜಿ ಆಡಿಟರ್

ಅವರ್ಸ್ ಬಚ್ಚಿಟ್ರೆ ಮುಂದಿನ ಟೀಮ್‌ಗೆ ಪೆಟ್ಟು ಅಂತ ಇನ್ನೂ ಹಲವರು ಬರೆದಿದ್ದಾರೆ. ಎಲ್ಲರ ದನಿಯೂ ಇಷ್ಟು ಮೆತ್ತಗಿಲ್ಲ.

ನೋಡದೆ ಟಿಕ್ ಹಾಕೋದು ಆಡಿಟ್ ಅಲ್ಲ, ಸುಳ್ಳು ಸಾಕ್ಷಿ. ಆ ವರದಿ ನಂಬಿ ದುಡ್ಡು ಹಾಕೋರಿಗೆ ನಿಮ್ಮ ಸುಸ್ತು ಗೊತ್ತಿರಲ್ಲ.
– ಒಬ್ಬ ಷೇರುದಾರ

ನಾನು ಕಂಪನಿ ಅಕೌಂಟ್ಸ್ ಕಡೆಯವನು. ಹೆಚ್ಚಿನವರು ಒಂದೇ ತಾರೀಖಿಗೆ ಪುಸ್ತಕ ಮುಚ್ತೀವಿ, ಸ್ಟಾಕ್ ಪಟ್ಟಿ ಕೊನೇ ವಾರ ಕೊಡ್ತೀವಿ, ಫೀ ಚೌಕಾಶಿ ಮಾಡ್ತೀವಿ, ಆಡಿಟ್ ವರದಿಗೆ ಸೈನ್ ಮಾತ್ರ ಹೇಳಿದ ದಿನಾನೇ ಆಗ್ಬೇಕು. ಬೈಯೋದಾದ್ರೆ ನಮ್ಮನ್ನೂ ಬೈಯಿರಿ.
– ಅಕೌಂಟೆಂಟ್

ಕೇಳಿದ ಪ್ರಶ್ನೆ ಇದಲ್ಲ, ಆದ್ರೂ ಇದು ಹೇಳ್ಬೇಕಾದ ಮಾತೇ. ಬ್ಯಾಂಕ್ ಪತ್ರದ ಬಗ್ಗೆ ನೇರವಾಗಿ ಬರೆದವರು ಒಬ್ರೇ.

2009ರಲ್ಲಿ ಬಯಲಾದ ಸತ್ಯಂ ಹಗರಣದಲ್ಲಿ ಆಡಿಟರ್‌ಗಳು ಕನ್ಫರ್ಮೇಶನ್ ಮೇಲೆ ಹಿಡಿತ ಇಟ್ಕೊಂಡಿರ್ಲಿಲ್ಲ ಅಂತಾನೇ ಆಡಿಟರ್‌ಗಳ ಮೇಲೆ ಕಣ್ಣಿಡೋ ಅಮೆರಿಕದ ಸಂಸ್ಥೆ ಪಿಸಿಎಒಬಿ 2011ರಲ್ಲಿ ದಂಡ ಹಾಕ್ತು. ಪತ್ರ ನೀವೇ ಕಳಿಸ್ಬೇಕು, ಉತ್ತರ ನೇರ ನಿಮಗೇ ಬರ್ಬೇಕು, ಇದ್ರಲ್ಲಿ ರಾಜಿ ಬೇಡ. ಟೀಮ್‌ಗೆ ಜನ, ಟೈಮ್ ಸಾಕಾ ಅಂತ ನೋಡೋದು ಐಎಸ್‌ಎ 220 ಅನ್ನೋ ಅಂತರರಾಷ್ಟ್ರೀಯ ಆಡಿಟ್ ಮಾನದಂಡದ ಪ್ರಕಾರ ಎಂಗೇಜ್‌ಮೆಂಟ್ ಪಾರ್ಟ್ನರ್ (ಆ ಆಡಿಟ್‌ನ ಹೊಣೆ ಹೊತ್ತ ಪಾಲುದಾರರು) ಜವಾಬ್ದಾರಿ, ಹಾಗಾಗಿ ಬಾಯಲ್ಲಿ ಹೇಳ್ಬೇಡಿ, ಅವರಿಗೇ ಮೇಲ್ ಹಾಕಿ. ಯಾವ ಯಾವ ಬಿಲ್ ನೋಡೋಕಾಗ್ಲಿಲ್ಲ ಅನ್ನೋದನ್ನ ನಂಬರ್ ಸಮೇತ ಬರೀರಿ.
– ಪೀರ್ ರಿವ್ಯೂವರ್ (ಬೇರೆ ಆಡಿಟರ್‌ಗಳ ಕೆಲಸ ಪರಿಶೀಲಿಸೋರು)